ನ್ಯಾನೋಸೆಲ್ಯುಲೋಸ್ ಜೆಲ್ ಒಣಗಿಸಿದರೆ ಚಕ್ಕೆಯಾಗುತ್ತಿದೆ, ಸ್ಪ್ರೇ ಡ್ರೈಯರ್ ಹಾಕಿಸಬಹುದೇ?

ನಾರುಬೇರು:
ಬಿಳುಪು ಮಾಡಿದ ಒಣ ಪಲ್ಪ್ (ಕಾಗದ ಮಾಡುವ ನಾರಿನ ತಿರುಳು) ಹಾಳೆಯನ್ನು ನೆನೆಸಿ, 2% ಘನಾಂಶಕ್ಕೆ ತಂದು, ಕಲ್ಲಿನ ಗ್ರೈಂಡರ್‌ನಲ್ಲಿ 15 ಸಲ ಹಾಯಿಸಿದರೆ ನ್ಯಾನೋಸೆಲ್ಯುಲೋಸ್, ಅಂದರೆ ಅತಿ ಸಣ್ಣ ಎಳೆಗಳಾಗಿ ಸೀಳಿದ ಸಸ್ಯದ ನಾರಿನ ಜೆಲ್ ಏನೋ ಚೆನ್ನಾಗಿಯೇ ಬರುತ್ತದೆ. ಆದರೆ ಕರೆಂಟು ವಿಪರೀತ ಎಳೆಯುತ್ತದೆ. 105 ಡಿಗ್ರಿ ಓವನ್‌ನಲ್ಲಿಟ್ಟರೆ ಉಗುರಿನಂಥ ಚಕ್ಕೆ. ಮತ್ತೆ ನೀರಿಗೆ ಹಾಕಿ ಎಷ್ಟು ಕಲಕಿದರೂ ಬಿಡಿಸಿಕೊಳ್ಳುವುದಿಲ್ಲ. ಪಿಪಿ (ಪಾಲಿಪ್ರೊಪಿಲೀನ್) ಪ್ಲಾಸ್ಟಿಕ್‌ಗೆ ಬೆರೆಸಬೇಕಾದ್ದರಿಂದ ಪುಡಿ ಬೇಕು. ಬಿಸಿ ಗಾಳಿಗೆ ಸಿಂಪಡಿಸಿ ಒಣಗಿಸುವ ಸ್ಪ್ರೇ ಡ್ರೈಯರ್ ಸರಿಹೋದೀತೆ?

ಕಲ್ಲುಸಂದು:
ಮೊದಲು ನೀರಿನ ಲೆಕ್ಕ ನೋಡಿ. 2% ಜೆಲ್‌ನಲ್ಲಿ 1 ಕೆಜಿ ನಾರಿಗೆ 49 ಕೆಜಿ ನೀರು. ಅದನ್ನು ಆವಿ ಮಾಡುವುದಕ್ಕೇ 30 ಯೂನಿಟ್ ಬೇಕು, ಪೋಲಾಗುವ ಶಾಖ ಬೇರೆ. ಅದೇ 10% ಇದ್ದರೆ 9 ಕೆಜಿ ನೀರು, 6 ಯೂನಿಟ್‌ನೊಳಗೆ ಮುಗಿಯುತ್ತದೆ. ಇಷ್ಟು ಖರ್ಚು ಮಾಡಿಯೂ ಸ್ಪ್ರೇ ಡ್ರೈಯರ್ ಕೊಡುವುದು ಮೈಕ್ರಾನ್ ಗಾತ್ರದ ಉಂಡೆ. ನೀರು ಹೋಗುತ್ತಿದ್ದಂತೆ ನಾರುಗಳು ಹೈಡ್ರೋಜನ್ ಬಂಧದಿಂದ ಒಂದಕ್ಕೊಂದು ಅಂಟುತ್ತವೆ, ಅಲ್ಲಿಗೆ ನ್ಯಾನೋ ಕಥೆ ಮುಗಿಯಿತು.

ಒಣ ಹಾಳೆಯಲ್ಲೂ ಇದೇ ಆಗಿರುತ್ತದೆ. ಒಮ್ಮೆಯೂ ಒಣಗಿಸದ ಹಸಿ ಪಲ್ಪ್ ತನ್ನಿ. ರುಬ್ಬುವ ಮುಂಚೆ ಎಂಡೋಗ್ಲುಕನೇಸ್ (ಸೆಲ್ಯುಲೋಸ್ ಸರಪಳಿಯನ್ನು ನಡುನಡುವೆ ಕತ್ತರಿಸುವ) ಕಿಣ್ವ ಹಾಕಿ ಪಿಎಚ್ 5, 50 ಡಿಗ್ರಿಯಲ್ಲಿ 2 ಗಂಟೆ ಬಿಡಿ. ಆಮೇಲೆ 90 ಡಿಗ್ರಿಗೆ ಏರಿಸಿ ಅರ್ಧ ಗಂಟೆ ಇಟ್ಟು ಕಿಣ್ವವನ್ನು ಸಾಯಿಸಿ. ಈ ಕೊನೆಯ ಹಂತ ಬಿಟ್ಟರೆ ಜೆಲ್ ತುಂಬಿಟ್ಟ ಡ್ರಮ್ಮಿನಲ್ಲೂ ಕತ್ತರಿಸುವ ಕೆಲಸ ನಡೆದು ಜೆಲ್ ನೀರಾಗುತ್ತದೆ. ಅಗ್ಗವೆಂದು ಹಲವು ಕಿಣ್ವ ಬೆರೆತ ಮಿಶ್ರ ಸೆಲ್ಯುಲೇಸ್ ತಂದರೆ ನಾರು ಸಕ್ಕರೆಯಾಗಿ ಕರಗಿಹೋಗುತ್ತದೆ.

ಕಲ್ಲಿನ ವಿಷಯ: ಎರಡೂ ಕಲ್ಲು ತಾಗಿ ಸದ್ದು ಬರುವ ಜಾಗವೇ ಸೊನ್ನೆ. ಪಲ್ಪ್ ಒಳಗೆ ಹರಿಯತೊಡಗಿದ ಮೇಲಷ್ಟೇ ಅದಕ್ಕಿಂತ ಕೆಳಗೆ, ಮೈನಸ್ 100 ಮೈಕ್ರಾನ್‌ವರೆಗೆ ಇಳಿಸಿ. ಖಾಲಿ ಓಡಿಸಿದರೆ ಕಲ್ಲಿಗೆ ಕಲ್ಲು ಉಜ್ಜಿ, ಪುಡಿ ಮಾಲಿಗೆ ಸೇರುತ್ತದೆ.

ತೇವದಮುದ್ದೆ:
ಪಿಪಿಗೆ ಪುಡಿಯೇ ಬೇಕೆಂದೇನಿಲ್ಲ. 20–30% ಘನಾಂಶದ ಹಸಿ ಮುದ್ದೆಯನ್ನೇ ವೆಂಟ್ (ಆವಿ ಹೊರಹೋಗುವ ಕಿಂಡಿ) ಇರುವ, ಪ್ಲಾಸ್ಟಿಕ್ ಕರಗಿಸಿ ಬೆರೆಸುವ ಟ್ವಿನ್ ಸ್ಕ್ರೂ ಎಕ್ಸ್‌ಟ್ರೂಡರ್‌ಗೆ ನಿಧಾನವಾಗಿ ಕೊಡಬಹುದು. ಆವಿ ವೆಂಟ್‌ನಿಂದ ಹೋಗುತ್ತದೆ. ಜೊತೆಗೆ ಮಲೇಯಿಕ್ ಅನ್‌ಹೈಡ್ರೈಡ್ ಕೂರಿಸಿದ ಪಿಪಿ ಬೇಕೇ ಬೇಕು, ಎರಡನ್ನೂ ಬೆಸೆಯುವುದು ಅದೇ. ನೀರೆಂದರೆ ಓಡಿಹೋಗುವ ಪಿಪಿ, ನೀರು ಬಿಡದ ಸೆಲ್ಯುಲೋಸ್: ತಾವಾಗಿ ಕೂಡುವ ಜೋಡಿಯಲ್ಲ. ಬ್ಯಾರಲ್ 180–190 ಡಿಗ್ರಿ ಸಾಕು. 200 ದಾಟಿ ಹೆಚ್ಚು ಹೊತ್ತು ನಿಂತರೆ ಮಾಲು ಕಂದಾಗಿ ಸುಟ್ಟ ವಾಸನೆ ಬರುತ್ತದೆ.

ನನ್ನನ್ನು ಕೇಳಿದರೆ ಪಿಪಿಯಿಂದ ಶುರು ಮಾಡುವುದೇ ತಪ್ಪು. ಕಾಗದ, ರಟ್ಟು, ನೀರಿನ ಬಣ್ಣಗಳಲ್ಲಿ ನೀರು ಹೇಗೂ ಇರುತ್ತದೆ, ಜೆಲ್ ಹಾಗೇ ಹೋಗುತ್ತದೆ. ರಟ್ಟಿಗೆ ಒಣ ತೂಕದ 2–3% ಹಾಕಿ ನೋಡಿ. ನಾರನ್ನು ಹಿಡಿದಿಡುವ ಕ್ಯಾಟಯಾನಿಕ್ (ಧನ ವಿದ್ಯುದಂಶದ) ಸ್ಟಾರ್ಚ್ ಇಲ್ಲದಿದ್ದರೆ ನಾರು ನೀರಿನ ಜೊತೆ ಜಾರಿಹೋಗುತ್ತದೆ. ನೀರು ಇಳಿಯುವುದು ನಿಧಾನವಾಗಿ ಯಂತ್ರದ ವೇಗ ತಗ್ಗುತ್ತದೆ, ಆ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಾರುಬೇರು:
2% ಜೆಲ್‌ನಿಂದ 20% ಮುದ್ದೆ ಹೇಗೆ? ಫಿಲ್ಟರ್ ಬಟ್ಟೆ ಐದೇ ನಿಮಿಷಕ್ಕೆ ಕಟ್ಟಿಕೊಳ್ಳುತ್ತದೆ.

ತೇವದಮುದ್ದೆ:
ತೆಳು ಮಾಡಿ ಹಿಂಡುವ ಬದಲು ಮೊದಲೇ ಗಟ್ಟಿಯಾಗಿಡಿ. ಪಲ್ಪನ್ನು 20–25%ಗೆ ಹಿಂಡಿ, ಕಿಣ್ವ ಬೆರೆಸಿ, ಅದೇ ಗಟ್ಟಿತನದಲ್ಲಿ ನೀಡರ್ ಎಂಬ ನಾದುವ ಯಂತ್ರದಲ್ಲಿ ನಾದಿ. ನಾರಿಗೆ ನಾರೇ ಉಜ್ಜಿ ಸೀಳುತ್ತದೆ. ಗ್ರೈಂಡರ್ ಜೆಲ್‌ನಷ್ಟು ಸಣ್ಣದಾಗದು, ರಟ್ಟಿಗೆ ಧಾರಾಳ ಸಾಕು. ಹಸಿ ಮುದ್ದೆಗೆ ಬೂಸು ಬೇಗ ಹಿಡಿಯುತ್ತದೆ, ಬಯೋಸೈಡ್ (ಸೂಕ್ಷ್ಮಜೀವಿ ಕೊಲ್ಲುವ ರಾಸಾಯನಿಕ) ಹಾಕದೆ ಚೀಲ ಕಟ್ಟಬೇಡಿ.