ಜೀನ್ ‘ಅಭಿವ್ಯಕ್ತಿ’ಗೆ ಒಂದು ಒಳ್ಳೆಯ ಕ್ರಿಯಾಪದ ಬೇಕು

ಗೆಳೆಯರೇ,

ಸೊಪ್ಪು, ತರಕಾರಿಯಲ್ಲಿರುವ ರಾಸಾಯನಿಕಗಳು ನಮ್ಮ ಜೀವಕೋಶದ ಜೀನ್‌ಗಳಿಗೆ ಏನು ಮಾಡುತ್ತವೆ ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ಕೋಶ ಒಂದು ಜೀನನ್ನು ಬಳಸಿ ಆರ್‌ಎನ್‌ಎ, ಪ್ರೋಟೀನ್ ತಯಾರಿಸುವುದಕ್ಕೆ ‘ವಂಶವಾಹಿ ಅಭಿವ್ಯಕ್ತಿ’ ಎಂಬ ಮಾತು ಬಳಕೆಯಲ್ಲಿದೆ. ಹೆಸರಾಗಿ ಪರವಾಗಿಲ್ಲ, ವಾಕ್ಯದೊಳಗೆ ತಂದರೆ ಕುಂಟುತ್ತದೆ.

ವಿಷಯ ಇದು. ಬ್ರೊಕೊಲಿಯನ್ನು ಹೆಚ್ಚಿದಾಗ, ಅಗಿದಾಗ ಅದರ ಕೋಶಗಳು ಒಡೆಯುತ್ತವೆ. ಮೈರೋಸಿನೇಸ್ ಎಂಬ ಕಿಣ್ವ ಅಲ್ಲೇ ಇರುವ ಗ್ಲುಕೊರಾಫನಿನ್ ಎಂಬ ರಾಸಾಯನಿಕದ ಜೊತೆ ಬೆರೆತು ಸಲ್ಫೊರಾಫೇನ್ ಎಂಬ ಇನ್ನೊಂದು ರಾಸಾಯನಿಕ ಹುಟ್ಟುತ್ತದೆ. ನಮ್ಮ ಕೋಶದಲ್ಲಿ ಎನ್‌ಆರ್‌ಎಫ್2 ಎಂಬ ಪ್ರೋಟೀನ್ ಇದೆ. ಮಾಮೂಲಿ ಹೊತ್ತಿನಲ್ಲಿ ಕೀಪ್1 ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು, ಒಡೆದುಹಾಕಲು ಕಳಿಸುತ್ತಲೇ ಇರುತ್ತದೆ. ಸಲ್ಫೊರಾಫೇನ್ ಬಂದು ಕೀಪ್1ನ ಸಿಸ್ಟೀನ್‌ಗಳಿಗೆ (ಪ್ರೋಟೀನನ್ನು ಕಟ್ಟುವ ಅಮೈನೋ ಆಮ್ಲಗಳಲ್ಲಿ ಒಂದು) ಅಂಟಿಕೊಂಡರೆ ಈ ಕೆಲಸ ಕೆಡುತ್ತದೆ. ಉಳಿದುಕೊಂಡ ಎನ್‌ಆರ್‌ಎಫ್2 ಕೋಶಕೇಂದ್ರಕ್ಕೆ ಹೋಗಿ ಡಿಎನ್‌ಎ ಮೇಲೆ ಕೂರುತ್ತದೆ. ಆಗ ಎನ್‌ಕ್ಯೂಒ1ನಂಥ ಜೀನ್‌ಗಳಿಂದ ಆರ್‌ಎನ್‌ಎ ಪ್ರತಿಗಳು ಜಾಸ್ತಿ ಬರುತ್ತವೆ. ಆ ಪ್ರತಿಗಳಿಂದ ತಯಾರಾಗುವ, ಕೋಶವನ್ನು ಕಾಯುವ ಕಿಣ್ವಗಳೂ ಜಾಸ್ತಿಯಾಗುತ್ತವೆ. ಜೀನಿನ ಒಂದಕ್ಷರವೂ ಬದಲಾಗಿರುವುದಿಲ್ಲ.

‘ವಂಶವಾಹಿ’ ಅಂದ ಕೂಡಲೇ ಓದುವವರ ತಲೆ ಮಕ್ಕಳು ಮೊಮ್ಮಕ್ಕಳ ಕಡೆ ಓಡುತ್ತದೆ. ಇಲ್ಲಿ ನಡೆಯುವುದು ಈ ಮೈಯ, ಈ ಹೊತ್ತಿನ ಕೆಲಸ. ಹಾಗಾಗಿ ‘ಜೀನ್’ ಅಂತಲೇ ಬರೆದಿದ್ದೇನೆ. (‘ಜೀನಿನ’ ಹೋಗಿ ‘ಜೀನನ’ ಅಂತ ಅಚ್ಚಾದರೆ ಜಿಪುಣನ ಕತೆಯಾಗುತ್ತೆ, ಅದು ಬೇರೆ!)

ತೊಡಕಿರುವುದು ಕ್ರಿಯಾಪದದಲ್ಲಿ. ‘ಅಭಿವ್ಯಕ್ತಗೊಳ್ಳುತ್ತದೆ’ ಅನ್ನುವುದು ಭಾವನೆಗಳಿಗೆ ಸರಿ, ಜೀನಿಗೆ ಭಾರ. ‘ಜೀನ್ ಆನ್ ಆಗುತ್ತದೆ’ ಸುಲಭ, ಆದರೆ ತಪ್ಪು ದಾರಿಗೆ ಎಳೆಯುತ್ತದೆ. ಎನ್‌ಕ್ಯೂಒ1 ಮೊದಲೂ ಸುಮ್ನೆ ಕೂತಿರಲಿಲ್ಲ ಅಲ್ವಾ? ‘ಪ್ರಚೋದಿಸು’ ಏರಿಕೆಗಷ್ಟೇ ಹೊಂದುತ್ತದೆ. ಅರಿಶಿನದ ಕರ್ಕ್ಯುಮಿನ್ ಪ್ರಯೋಗಾಲಯದ ಕೋಶಗಳಲ್ಲಿ ಉರಿಯೂತದ ಜೀನ್‌ಗಳ ಕೆಲಸವನ್ನು ತಗ್ಗಿಸುತ್ತದೆ. ಅದಕ್ಕೇನು ಹೇಳೋಣ?

ನನಗೆ ಹಿಡಿಸಿರುವುದು ‘ಓದು’. ಕೋಶ ಒಂದು ಜೀನನ್ನು ಜಾಸ್ತಿ ಓದುತ್ತದೆ, ಕಡಿಮೆ ಓದುತ್ತದೆ, ಓದದೆಯೂ ಬಿಡುತ್ತದೆ. ಕೆಲಸ ಮಾಡುವುದು ಕೋಶ, ಜೀನ್ ಅಲ್ಲ ಅನ್ನುವುದೂ ತಾನಾಗೇ ಬರುತ್ತದೆ. ‘ಓದಿಸು’ ಅಂದರೆ ಸಲ್ಫೊರಾಫೇನ್‌ಗೂ ವಾಕ್ಯದಲ್ಲಿ ಜಾಗ ಸಿಗುತ್ತದೆ: ‘ಸಲ್ಫೊರಾಫೇನ್ ಈ ಜೀನ್‌ಗಳನ್ನು ಜಾಸ್ತಿ ಓದಿಸುತ್ತದೆ.’ ಒಂದೇ ಅಡ್ಡಿ: ಡಿಎನ್‌ಎಯ ಅಕ್ಷರಗಳ ಸಾಲನ್ನು ಪತ್ತೆ ಮಾಡುವುದಕ್ಕೂ ‘ಜೀನ್ ಓದುವುದು’ ಅನ್ನುತ್ತೇವೆ. ಎರಡನ್ನೂ ಒಂದೇ ಲೇಖನದಲ್ಲಿ ಬಳಸಿದರೆ ಗೊಂದಲವೇ? ‘ಓದು’ ಬೇಡ ಅನ್ನುವವರು ದಯವಿಟ್ಟು ಏರಿಕೆ, ಇಳಿಕೆ ಎರಡಕ್ಕೂ ಒಗ್ಗುವ ಬೇರೆ ಮಾತು ಕೊಡಿ.

ಇನ್ನೊಂದು ಚಿಕ್ಕ ಪ್ರಶ್ನೆ. ‘ಮಾನವ ಜೀವಕೋಶಗಳಲ್ಲಿ’ ಅಂತ ಬರೆದರೆ ‘ನಮ್ಮ ಮೈಯಲ್ಲಿ’ ಎಂದೇ ಓದಿಕೊಳ್ಳುತ್ತಾರೆ. ಇಂಥ ಎಷ್ಟೋ ಪ್ರಯೋಗಗಳು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳ ಮೇಲೆ ನಡೆದಿರುತ್ತವೆ. ಅಲ್ಲಿ ಸುರಿಯುವಷ್ಟು ಕರ್ಕ್ಯುಮಿನ್ ಊಟದಿಂದ ರಕ್ತಕ್ಕೆ ಸೇರುವುದಿಲ್ಲ, ಕರುಳು ಅದನ್ನು ಹೀರಿಕೊಳ್ಳುವುದೇ ಕಡಿಮೆ. ‘ತಟ್ಟೆಯಲ್ಲಿನ ಕೋಶ’ ಅಂತ ಬರೆದು ನೋಡಿದೆ. ಆಹಾರದ ಲೇಖನದಲ್ಲಿ ತಟ್ಟೆ ಅಂದರೆ ಊಟದ ತಟ್ಟೆಯೇ! ‘ಸಾಕಿದ ಕೋಶ’ ಹೇಗೆ?