ಕೆಲಸ ಬಿಟ್ಟು ಕೋರ್ಟಿಗೆ ಬಂದವರೇ, ಮೊದಲ ವರ್ಷಗಳನ್ನು ಹೇಗೆ ದಾಟಿದಿರಿ?

ಕೇಳಿದವರು: ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದೆ, ಬಿಟ್ಟು ಮೂರು ವರ್ಷದ ಎಲ್‌ಎಲ್‌ಬಿ ಸೇರಿದೆ. ಈಗ ಕೊನೆಯ ಸೆಮಿಸ್ಟರ್. ವಯಸ್ಸು ಮೂವತ್ತಾರು. ಕಂಪನಿಗಳ ಲೀಗಲ್ ವಿಭಾಗ ಬೇಡ, ಕೋರ್ಟಿನಲ್ಲೇ ಪ್ರಾಕ್ಟೀಸ್ ಮಾಡುವ ಆಸೆ. ಮನೆತನದಲ್ಲಿ ವಕೀಲರು ಯಾರೂ ಇಲ್ಲ. ಬೇರೆ ಕೆಲಸಗಳಿಂದ ಬಂದವರಿಗೆ ಹಳೆಯ ಅನುಭವ ಎಷ್ಟು ಉಪಯೋಗಕ್ಕೆ ಬಂತು? ಎಂಥ ಸೀನಿಯರ್ ಹತ್ತಿರ ಸೇರಬೇಕು? ಮುಲಾಜಿಲ್ಲದೆ ಹೇಳಿ.

ಹಿಂದೆ ಸರ್ವೇಯರ್, ಈಗ ತಾಲ್ಲೂಕು ಕೋರ್ಟಿನಲ್ಲಿ: ಭೂಮಾಪನ ಇಲಾಖೆಯಿಂದ ಸ್ವಯಂ ನಿವೃತ್ತಿ ತಗೊಂಡು ಸನ್ನದು (ವಕೀಲಿಕೆಯ ನೋಂದಣಿ) ಮಾಡಿಸಿದವನು ನಾನು. ನಮ್ಮ ಕಡೆ ಸಿವಿಲ್ ಅಂದರೆ ಜಮೀನೇ. ವಿಭಾಗ ದಾವೆ, ನಿರ್ಬಂಧಕಾಜ್ಞೆ, ಒತ್ತುವರಿ, ದಾರಿ ತಕರಾರು. ಪಹಣಿ, ಟಿಪ್ಪಣಿ (ಮೂಲ ಅಳತೆಯ ನಕ್ಷೆ), ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ) ಮೂರನ್ನೂ ಪಕ್ಕಪಕ್ಕ ಇಟ್ಟರೆ ವಿಸ್ತೀರ್ಣ ಎಲ್ಲಿ ತಾಳೆಯಾಗುತ್ತಿಲ್ಲ ಅನ್ನುವುದು ನನಗೆ ಬೇಗ ಕಾಣುತ್ತದೆ. ಅದು ಹಳೆಯ ಕೆಲಸದ ಕೊಡುಗೆ, ಇಲ್ಲ ಅನ್ನಲ್ಲ.

ಒಂದು ಉದಾಹರಣೆ. ಕೋರ್ಟ್ ಕಮಿಷನರ್ ಆಗಿ, ಅಂದರೆ ಕೋರ್ಟೇ ನೇಮಿಸಿ ಕಳಿಸಿ, ಅಳತೆ ಮಾಡಿದ ಸರ್ವೇಯರ್ ಪಾಟಿ ಸವಾಲಿಗೆ (ಎದುರು ವಕೀಲರ ಪ್ರಶ್ನೆಗಳಿಗೆ) ಬಂದಾಗ ಬಹಳ ವಕೀಲರು ವರದಿಯ ಕೊನೆಯ ಪ್ಯಾರಾ ಹಿಡಿದು ಕೂಗಾಡುತ್ತಾರೆ. ನಾನು ಬೇರೆ ಕಡೆಯಿಂದ ಹೋಗುತ್ತೇನೆ. ಅಳತೆ ಶುರು ಮಾಡಿದ್ದು ಯಾವ ಕಲ್ಲಿನಿಂದ? ಆ ಕಲ್ಲು ಮೂಲ ಟಿಪ್ಪಣಿಯಲ್ಲಿ ಇದೆಯೇ? ಪಕ್ಕದ ಸರ್ವೆ ನಂಬರಿನವರಿಗೆ ನೋಟಿಸ್ ಹೋಗಿತ್ತೇ? ಇಷ್ಟಕ್ಕೇ ಎಷ್ಟೋ ವರದಿಗಳ ಬುಡ ಅಲ್ಲಾಡುತ್ತದೆ.

ಆದರೆ ಅಳತೆ ಗೊತ್ತಿದ್ದ ಮಾತ್ರಕ್ಕೆ ವಾದಪತ್ರ ಬರೆಯಲು ಬರುವುದಿಲ್ಲ. ಪ್ಲೀಡಿಂಗ್‌ನಲ್ಲಿ (ವಾದಪತ್ರ, ಲಿಖಿತ ಹೇಳಿಕೆಗಳಲ್ಲಿ) ಇಲ್ಲದ ಸಂಗತಿಯನ್ನು ಸಾಕ್ಷಿ ಬಾಯಲ್ಲಿ ಎಷ್ಟು ಹೇಳಿಸಿದರೂ ನಿಲ್ಲದು. ಅದನ್ನು ಕಲಿಯೋಕೆ ಹಳೆಯ ಫೈಲುಗಳನ್ನು ಓದಬೇಕು: ಸೋತ ಕೇಸಿನ ವಾದಪತ್ರ, ಅದಕ್ಕೆ ಪ್ರತಿವಾದಿ ಕೊಟ್ಟ ಲಿಖಿತ ಹೇಳಿಕೆ, ಇಶ್ಯೂಗಳು (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳು), ತೀರ್ಪು, ಇದೇ ಕ್ರಮದಲ್ಲಿ. ಇನ್ನು ಪ್ರೊಸೆಸ್ ಫೀ (ಸಮನ್ಸ್, ನೋಟಿಸ್ ಕಳಿಸಲು ಕಟ್ಟುವ ಶುಲ್ಕ), ಆಫೀಸ್ ಆಬ್ಜೆಕ್ಷನ್ (ಕೋರ್ಟ್ ಕಚೇರಿ ಎತ್ತುವ ತಕರಾರು), ನಕಲು ಅರ್ಜಿ ಇವನ್ನೆಲ್ಲ ಹೇಳಿಕೊಡುವವರು ಸೀನಿಯರ್ ಅಲ್ಲ, ಅವರ ಗುಮಾಸ್ತರು. ಅವರ ಜೊತೆ ಚೆನ್ನಾಗಿರಿ, ಮಿಕ್ಕಿದ್ದು ತಾನಾಗಿ ಬರುತ್ತೆ.

ಇಂಜಿನಿಯರ್ ಆಗಿದ್ದವಳು, ಈಗ ಸಿಟಿ ಸಿವಿಲ್ ಕೋರ್ಟ್: ನಿಮ್ಮ ಹಿನ್ನೆಲೆಗೆ ಹತ್ತಿರದವಳು ನಾನೇ ಇರಬೇಕು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಎಲೆಕ್ಟ್ರಾನಿಕ್ ದಾಖಲೆಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿದ್ದ 65ಬಿ ಜಾಗದಲ್ಲಿ ಈಗ 63ನೇ ಕಲಂ. ಅಂಥ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರಕ್ಕೆ ಎರಡು ಭಾಗ: ಒಂದನ್ನು ಪಕ್ಷಕಾರರು ಕೊಡಬೇಕು, ಇನ್ನೊಂದನ್ನು ತಜ್ಞರು. ಹ್ಯಾಶ್ ಮೌಲ್ಯವನ್ನೂ (ಫೈಲಿನ ಡಿಜಿಟಲ್ ಬೆರಳಚ್ಚು ಇದ್ದಂತೆ), ಯಾವ ಆಲ್ಗಾರಿದಮ್ ಅನ್ನುವುದನ್ನೂ ಅದರಲ್ಲಿ ನಮೂದಿಸಬೇಕು. ವಾಟ್ಸಾಪ್ ಸ್ಕ್ರೀನ್‌ಶಾಟ್ ಪ್ರಿಂಟ್ ತಂದು 'ಎಕ್ಸಿಬಿಟ್ ಮಾಡಿ ಸ್ವಾಮಿ' ಅನ್ನುವವರ ಎದುರು ನಿಮಗೆ ಕೆಲಸ ಇದ್ದೇ ಇದೆ.

ಒಂದು ಅಪಾಯವೂ ಇದೆ, ಇದನ್ನು ಯಾರೂ ಹೇಳಲ್ಲ. ಕಂಪ್ಯೂಟರ್ ಬಲ್ಲ ಜೂನಿಯರ್ ಸಿಕ್ಕರೆ ಸೀನಿಯರ್‌ಗಳು ಬಿಡುವುದೇ ಇಲ್ಲ. ಇ-ಫೈಲಿಂಗ್ ನೀವೇ, ಸ್ಕ್ಯಾನಿಂಗ್ ನೀವೇ, ವಿಡಿಯೊ ಕಾನ್ಫರೆನ್ಸ್ ಲಿಂಕ್ ನೀವೇ, ಕೊನೆಗೆ ಅವರ ಮಗನ ಲ್ಯಾಪ್‌ಟಾಪ್ ಕೂಡ. ಬಿಟ್ಟು ಬಂದ ಕೆಲಸವೇ ಸಂಬಳವಿಲ್ಲದೆ ಮುಂದುವರಿಯುತ್ತದೆ. ನನ್ನ ಮೊದಲ ಚೇಂಬರ್ ಹಾಗೇ ಇತ್ತು. ಬೆಳಗ್ಗೆ ಹನ್ನೊಂದರಿಂದ ಕೋರ್ಟ್ ಹಾಲ್‌ನಲ್ಲೇ ಇರುತ್ತೇನೆ, ಆಫೀಸ್ ಕೆಲಸ ಸಂಜೆ ಅಂತ ಸೇರುವಾಗಲೇ ಮಾತಾಡಿಕೊಳ್ಳಿ. ಎರಡನೇ ಚೇಂಬರ್ ಸೇರಿದಾಗ ನಾನು ಹಾಕಿದ ಷರತ್ತು ಅದೊಂದೇ.

ಧಾರವಾಡ ಪೀಠದಿಂದ: ವಯಸ್ಸಿನ ಚಿಂತಿ ಬಿಡ್ರಿ ಸರ. ನಲವತ್ತೈದು ದಾಟಿದವರನ್ನ ನೋಂದಣಿ ಮಾಡಬಾರದು ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಿಯಮ ತಂದಿತ್ತು, ಸುಪ್ರೀಂ ಕೋರ್ಟು 1995ರಾಗ ಅದನ್ನ ಹೊಡೆದು ಹಾಕೇತಿ. ನೋಂದಣಿ ಶುಲ್ಕಾನೂ ಮನಸಿಗೆ ಬಂದಂಗ ಕೇಳೂ ಹಂಗಿಲ್ಲ, ಸಾಮಾನ್ಯ ವರ್ಗಕ್ಕ 750 ರೂಪಾಯಿ, ಪರಿಶಿಷ್ಟರಿಗೆ 125, ಇದು 2024ರ ಜುಲೈ ತೀರ್ಪು. ಎಐಬಿಇ, ಅಂದ್ರ ವಕೀಲಿಕಿಗೆ ಬಾರ್ ಕೌನ್ಸಿಲ್ ನಡೆಸೂ ಅರ್ಹತಾ ಪರೀಕ್ಷೆ, ನೋಂದಣಿ ಆದ ಎರಡು ವರ್ಷದೊಳಗ ಮುಗಿಸಿಕೊಳ್ರಿ.

ಖರೇ ಚಿಂತಿ ರೊಕ್ಕದ್ದು. ಪಟ್ಟಣದಾಗ ಜೂನಿಯರಿಗೆ ತಿಂಗಳಿಗೆ 20,000, ಹಳ್ಳಿ ಕಡೆ 15,000 ಕೊಡ್ರಿ ಅಂತ ಬಾರ್ ಕೌನ್ಸಿಲ್ 2024ರಾಗ ಸುತ್ತೋಲೆ ಕಳಿಸಿತ್ತು. ಅದು ಶಿಫಾರಸು ಅಷ್ಟ, ಕಡ್ಡಾಯ ಅಲ್ಲ. ಎಷ್ಟು ಮಂದಿ ಕೊಡ್ತಾರ ಅನ್ನೋದನ್ನ ಬಾರ್ ಕ್ಯಾಂಟೀನಿನ್ಯಾಗ ಕುಂತು ಕೇಳ್ರಿ, ಎಲ್ಲಾರೂ ನಗ್ತಾರ.

ಕಾರ್ಪೊರೇಟ್ ಲಾ ಫರ್ಮ್‌ನಿಂದ ಹೈಕೋರ್ಟಿಗೆ ಬಂದವನು: ಐದು ವರ್ಷದ ಕೋರ್ಸು, ಆಮೇಲೆ ಒಪ್ಪಂದ ಕರಡು ಮಾಡುವ ಕೆಲಸ, ಆಮೇಲೆ ಹೈಕೋರ್ಟಿನಲ್ಲಿ ರಿಟ್ ಅರ್ಜಿಗಳು. ಕರಡು ಬರೆಯುವ ಕೈ ಇತ್ತು, ಹೈಕೋರ್ಟಿನಲ್ಲಿ ಅದು ನಡೆಯುತ್ತದೆ. ಆದರೆ ಇಲ್ಲಿಗೆ ನೇರ ಬಂದವರಿಗೆ ಸಾಕ್ಷಿ ವಿಚಾರಣೆ ಹೇಗಿರುತ್ತದೆ ಅನ್ನುವುದೇ ಗೊತ್ತಾಗುವುದಿಲ್ಲ. ಆರ್‌ಎಫ್‌ಎ (ಸಿವಿಲ್ ತೀರ್ಪಿನ ವಿರುದ್ಧದ ಮೊದಲ ಮೇಲ್ಮನವಿ) ವಾದ ಮಾಡುವಾಗ ಕೆಳಗಿನ ಕೋರ್ಟಿನ ದಾಖಲೆ ಓದಿ, ಈ ಪ್ರಶ್ನೆ ಯಾಕೆ ಕೇಳಿದರು, ಯಾಕೆ ಅಲ್ಲಿಗೆ ನಿಲ್ಲಿಸಿದರು ಅಂತ ಊಹಿಸುತ್ತಾ ಕೂರುತ್ತೇವೆ. ಹಾಗಾಗಿ ಮೊದಲು ವಿಚಾರಣಾ ಕೋರ್ಟು, ಆಮೇಲೆ ಬೇಕಾದರೆ ಹೈಕೋರ್ಟು. ಮೇಲಿನ ಸರ್ವೇಯರ್ ಸಾಹೇಬರ ಪಾಟಿ ಸವಾಲಿನ ಮಾತು ನನಗೆ ಹೊಟ್ಟೆಕಿಚ್ಚು ತರಿಸಿತು.

ಸೀನಿಯರ್ ಹೆಸರು ನೋಡಿ ಸೇರಬೇಡಿ. ಒಂದು ವಾರ ಅವರ ಕಾಸ್ ಲಿಸ್ಟ್ (ಆ ದಿನದ ಕೇಸುಗಳ ಪಟ್ಟಿ) ಗಮನಿಸಿ. ಸಾಕ್ಷ್ಯದ ಹಂತದಲ್ಲಿ ಎಷ್ಟು ಕೇಸುಗಳಿವೆ? ಜೂನಿಯರ್‌ಗಳು ಬರೀ ಪಾಸ್‌ಓವರ್ (ಕೇಸನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆಯಿರಿ ಅಂತ) ಕೇಳುತ್ತಾರೋ, ಮಧ್ಯಂತರ ಅರ್ಜಿಯಾದರೂ ವಾದ ಮಾಡುತ್ತಾರೋ? ಹತ್ತು ಜನ ಜೂನಿಯರ್ ಇರುವ ದೊಡ್ಡ ಚೇಂಬರಿಗಿಂತ ಇಬ್ಬರಿರುವ ಕಡೆ ಕೇಸು ಬೇಗ ಕೈಗೆ ಬರುತ್ತದೆ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಖರ್ಚಿಗೆ ಹಳೆಯ ಕಂಪನಿಯಲ್ಲೇ ಅರ್ಧ ದಿನ ಕೆಲಸ ಇಟ್ಟುಕೊಂಡರೆ? ನ್ಯಾಯಾಧೀಶರ ಪರೀಕ್ಷೆಯ ದಾರಿಯೂ ತೆರೆದಿರಲಿ ಅಂತ ಆಸೆ.

ಸಿಎ ಆಗಿದ್ದು ತೆರಿಗೆ ಪ್ರಾಕ್ಟೀಸಿಗೆ ಬಂದವನು: ಕಂಪನಿ ಕೆಲಸದ ವಿಷಯದಲ್ಲಿ ಹುಷಾರು. ಬಾರ್ ಕೌನ್ಸಿಲ್ ನಿಯಮ 49ರ ಪ್ರಕಾರ ವಕೀಲರು ಪೂರ್ಣಾವಧಿ ಸಂಬಳದ ನೌಕರಿ ಮಾಡುವಂತಿಲ್ಲ. ಸೇರಿದರೆ ಕೌನ್ಸಿಲಿಗೆ ತಿಳಿಸಿ ಪ್ರಾಕ್ಟೀಸ್ ನಿಲ್ಲಿಸಬೇಕು. 'ಅರ್ಧ ದಿನ' ಅಂತ ಕಂಪನಿ ಬಾಯಲ್ಲಿ ಹೇಳಿದರೆ ಸಾಲದು, ಕಾಗದದಲ್ಲಿ ಏನಿದೆ ಅನ್ನುವುದು ಮುಖ್ಯ. ಸೇರುವ ಮುಂಚೆ ರಾಜ್ಯ ಬಾರ್ ಕೌನ್ಸಿಲಿಗೆ ಬರೆದು ಲಿಖಿತ ಉತ್ತರ ತಗೊಳ್ಳಿ. ಕಾನೂನು ಕಾಲೇಜಿನಲ್ಲಿ ಪಾಠ ಮಾಡಲು ದಿನಕ್ಕೆ ಮೂರು ಗಂಟೆಯವರೆಗೆ ಅವಕಾಶ ಇದೆ, ಆದರೆ ಹೊಸಬರಿಗೆ ಅದು ಸಿಗುವುದು ಕಷ್ಟ.

ನಾನು ಸಿಎ ಆಗಿದ್ದಾಗಲೂ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ನಿಂತು ವಾದ ಮಾಡಬಹುದಿತ್ತು. ಕೇಸು ಹೈಕೋರ್ಟಿಗೆ ಹೋದ ದಿನ ಫೈಲು ಬೇರೆಯವರ ಕೈಗೆ ಕೊಡಬೇಕಾಗುತ್ತಿತ್ತು. ಎಲ್‌ಎಲ್‌ಬಿ ಓದಿದ್ದೇ ಅದಕ್ಕೆ. ಹಳೆಯ ಕಕ್ಷಿದಾರರು ಜೊತೆಗೇ ಬಂದರು, ಹಾಗಾಗಿ ರೊಕ್ಕದ ಕಷ್ಟ ನನಗೆ ಅಷ್ಟಾಗಿ ತಟ್ಟಲಿಲ್ಲ. ನನ್ನ ಲೆಕ್ಕ ನಿಮಗೆ ಹೊಂದಲ್ಲ.

ಇಂಜಿನಿಯರ್ ಆಗಿದ್ದವಳು: ಜಡ್ಜ್ ಪರೀಕ್ಷೆ ಬಗ್ಗೆ: ಸಿವಿಲ್ ಜಡ್ಜ್ ಹುದ್ದೆಗೆ ಮೂರು ವರ್ಷ ಪ್ರಾಕ್ಟೀಸ್ ಬೇಕು ಅಂತ ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಹೇಳಿತು, ತಾತ್ಕಾಲಿಕ ನೋಂದಣಿಯ (ಎಐಬಿಇ ಪಾಸಾಗುವ ಮುಂಚಿನದು) ದಿನದಿಂದಲೇ ಲೆಕ್ಕ. ವಯೋಮಿತಿ ಅಧಿಸೂಚನೆಯಲ್ಲೇ ಇರುತ್ತದೆ, ಮೂವತ್ತಾರಕ್ಕೆ ಮೂರು ಸೇರಿಸಿ ಈಗಲೇ ನೋಡಿಕೊಳ್ಳಿ. ಅದಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿ ಇದೆ, ಅದಕ್ಕೆ ಏಳು ವರ್ಷದ ಪ್ರಾಕ್ಟೀಸ್. ನಿಮ್ಮ ಹೆಸರಿನ ವಕಾಲತ್ತು, ಹಾಜರಾತಿ ಕಾಣುವ ಆರ್ಡರ್ ಶೀಟ್ (ಕೇಸಿನ ದಿನದಿನದ ನಡಾವಳಿ) ಪ್ರತಿಗಳನ್ನು ಮೊದಲ ತಿಂಗಳಿಂದಲೇ ಎತ್ತಿಡಿ. ಜೂನಿಯರ್ ಹೆಸರು ಬಹಳ ಸಲ ಬರೆಸಿಕೊಳ್ಳುವುದೇ ಇಲ್ಲ, ಬೆಂಚ್ ಕ್ಲರ್ಕ್ ಹತ್ತಿರ ಹೋಗಿ ಹೇಳಿ ಬರೆಸಬೇಕು.