ಕನಿಷ್ಠ ಕೂಲಿ 1,000 ರೂ. ಏರಿದರೆ ನಿಜವಾದ ಹೊರೆ ಎಷ್ಟು?

ಪ್ರಶ್ನೆ: 40 ಮಷೀನಿನ ಗಾರ್ಮೆಂಟ್ ಘಟಕ. ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 1,000 ರೂ. ಏರಿದರೆ ಒಬ್ಬರ ಮೇಲಿನ ಖರ್ಚು ಎಷ್ಟು ಹೆಚ್ಚುತ್ತದೆ? ಜನರನ್ನು ಕಡಿಮೆ ಮಾಡಲೇಬೇಕಾ?

ಉತ್ತರ 1: ಸಾವಿರಕ್ಕೆ ಮುಗಿಯಲ್ಲ ಸರ್. ಸಂಬಳ 15,000 ದಾಟದಿದ್ದರೆ ಪಿಎಫ್‌ಗೆ ಮಾಲೀಕರ ಪಾಲು, ಅದರ ಆಡಳಿತ ಶುಲ್ಕ, ವಿಮೆ ಸೇರಿ 13%, ಅಂದರೆ 130. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) 3.25%, 32.50. ಬೋನಸ್ 8.33%, 83.30. ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಕೊಡುವ ಇಡಿಗಂಟು) ಎತ್ತಿಡಬೇಕಾದ್ದು ಸುಮಾರು 48. ಒಟ್ಟು 1,294ರ ಆಸುಪಾಸು. ತಮ್ಮ ಪಾಲಿನ ಪಿಎಫ್, ಇಎಸ್‌ಐ ಕಳೆದು ಕೆಲಸಗಾರರ ಕೈಗೆ ಸಿಗೋದು 872.50 ಮಾತ್ರ.

ಎಡವುವುದು ಗ್ರಾಚ್ಯುಟಿಯಲ್ಲಿ. ಅದರ ಲೆಕ್ಕ ಕೊನೆಯ ಸಂಬಳದ ಮೇಲೆ. 10 ವರ್ಷ ಸೇವೆಯಾದವರ ಹಳೇ ಬಾಕಿಯೇ 15/26ರಂತೆ (ತಿಂಗಳಿಗೆ 26 ದಿನ ಹಿಡಿದು, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ) 5,769 ರೂ. ಏರುತ್ತದೆ. ಇದನ್ನು ಈಗಲೇ ಪುಸ್ತಕದಲ್ಲಿ ತೋರಿಸಿ.

ಉತ್ತರ 2: ಓಟಿ (ಹೆಚ್ಚುವರಿ ಗಂಟೆಯ ಕೆಲಸ) ಮರೆಯಬೇಡಿ. 1,000ವನ್ನು 26 ದಿನ, 8 ಗಂಟೆಗೆ ಭಾಗಿಸಿದರೆ 4.81, ಓಟಿ ದುಪ್ಪಟ್ಟು, ಗಂಟೆಗೆ 9.62 ಹೆಚ್ಚು.

ಉತ್ತರ 3: ಕಡಿತ ಅನಿವಾರ್ಯ ಅನ್ನೋದು ತಪ್ಪು. 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಗಂಟೆಯ ಕನಿಷ್ಠ ಕೂಲಿ 4.25 ಡಾಲರನ್ನು 5.05ಕ್ಕೆ ಏರಿಸಿದಾಗ ಫಾಸ್ಟ್‌ಫುಡ್ ಕೆಲಸಗಳು ಕಡಿಮೆಯಾಗಿದ್ದು ಅರ್ಥಶಾಸ್ತ್ರಜ್ಞರಾದ ಕಾರ್ಡ್, ಕ್ರೂಗರ್ ಅಧ್ಯಯನದಲ್ಲಿ ಕಾಣಲಿಲ್ಲ. ಆದರೆ ಬರ್ಗರ್ ಅಂಗಡಿ ಬೆಲೆ ಏರಿಸಬಹುದು, ನಿಮ್ಮ ರಫ್ತು ಆರ್ಡರಿನ ದರ ಮೊದಲೇ ನಿಗದಿಯಾಗಿರುತ್ತದೆ. ಆ ಒತ್ತಡ ಗಂಟೆಯ ಟಾರ್ಗೆಟ್ ಮೇಲೆ ಬೀಳುತ್ತದೆ. 60 ಪೀಸಿನ ಜಾಗದಲ್ಲಿ 70 ಕೇಳಿದರೆ ಕಾಲರ್, ಕಫ್ ಹೊಲಿಗೆ ತಪ್ಪಿ ಆಲ್ಟರ್ (ಬಿಚ್ಚಿ ಮತ್ತೆ ಹೊಲಿಯಬೇಕಾದ) ಪೀಸು ರಾಶಿ ಬೀಳುತ್ತದೆ, ಜನ ಬಿಟ್ಟುಹೋಗುತ್ತಾರೆ. ಮುಂದಿನ ಆರ್ಡರಿಗೆ ಕೊಟೇಶನ್ ಹಾಕುವಾಗಲೇ ಏಪ್ರಿಲ್‌ನ ತುಟ್ಟಿಭತ್ಯೆ ಏರಿಕೆ ಸೇರಿಸಿ.